ಹಳ್ಳಕ್ಕೆ ಸುರಿದ ಹಲಸು

ನನಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಡ. ಕೊಪ್ಪದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಹಿಂದೆ ಒಂದು ಹಳ್ಳ ಹರಿಯುತ್ತದೆ, ಅದರಾಚೆ ಮೀಸಲು ಅರಣ್ಯ. ಹಳ್ಳದ ದಂಡೆಯ ಕಾಲುದಾರಿಯೇ ನಮ್ಮ ಪಾರ್ಕು, ನಮ್ಮ ಹರಟೆಕಟ್ಟೆ. ಭಾನುವಾರ ಮಕ್ಕಳು ಗುಂಡಿಯಲ್ಲಿ ಮುಳುಗೇಳುತ್ತಾರೆ. ಗಂಡಸರು ಗಾಳ ಹಾಕಿ ಕೂತು ಮನೆಗೆಲಸ ತಪ್ಪಿಸಿಕೊಳ್ಳುತ್ತಾರೆ. ಅಂಥ ಜಾಗಕ್ಕೆ ಯಾರಾದರೂ ಒಂದು ಪ್ಲಾಸ್ಟಿಕ್ ಚೀಲ ಎಸೆದರೂ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಬೆಳಗಿನ ವಾಕಿಂಗಿಗೆ ನನಗೆ ಜೊತೆ ಪಕ್ಕದ ಮನೆಯ ಅಕ್ಕ. ಅವರ ಒಬ್ಬನೇ ಮಗನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅಕ್ಕನಿಗೆ ಸಕ್ಕರೆ ಕಾಯಿಲೆ, ಮಂಡಿನೋವು ಬೇರೆ. ಡಾಕ್ಟರು ನಡೆಯಲು ಹೇಳಿದ್ದರು. ಅಕ್ಕ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಹಕ್ಕಿ ಕೂಗಿದರೆ ನಿಲ್ಲಬೇಕು, ಮೀನು ಹೊರಳಿದರೆ ನಿಲ್ಲಬೇಕು.

ಹಲಸಿನ ಕಾಲ ಬಂತೆಂದರೆ ನಮ್ಮ ಕಡೆ ಆನೆಯ ಭಯ. ಹಣ್ಣಿನ ವಾಸನೆ ಹಿಡಿದು ಅಂಗಳಕ್ಕೇ ಬರುತ್ತದೆಂದು, ಬಲಿತ ಕಾಯಿಗಳನ್ನೆಲ್ಲ ಮೊದಲೇ ಕೊಯ್ದು ಮರ ಬೋಳು ಮಾಡುವುದು ಈಗ ಮನೆಮನೆಯ ಪದ್ಧತಿ. ಕೊಯ್ದದ್ದನ್ನು ಎಲ್ಲಿ ಹಾಕುತ್ತಾರೆಂದು ನಾನು ಯೋಚಿಸಿರಲಿಲ್ಲ. ಆ ದಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಶೆಟ್ಟಿಕೊಪ್ಪದ ಕಡೆ ಇದೆ ಎಂದು ಬಂದಿತ್ತು. ಶೆಟ್ಟಿಕೊಪ್ಪ ಎಲ್ಲಿ, ನಾವೆಲ್ಲಿ ಎಂದು ಹೊರಟೆವು. ಕಾಡಿನಲ್ಲಿ ಇರುವುದು ಒಂದೇ ಆನೆ ಎಂದು ನಮಗೆ ಯಾರು ಹೇಳಿದ್ದರೋ.

ರಸ್ತೆಯ ಮೋರಿ ದಾಟಿದ ಮೇಲೆ ಅಕ್ಕ ನಿಂತರು. "ಹಲಸಿನ ಹಣ್ಣಿನ ಪರಿಮಳ ಮಾರಾಯ್ತಿ, ಬಂತಾ ನಿಂಗೆ?"

ತಿರುವಿನಲ್ಲಿ ನೋಡಿದರೆ ಹಳ್ಳದ ಇಳಿಜಾರಿನಲ್ಲಿ ಹಲಸಿನ ರಾಶಿ. ಅರ್ಧ ಹಣ್ಣಾಗಿ, ಒಡೆದು, ನೊಣ ಮುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. "ಯಾವ ಹಾಳಾದವ ಸುರಿದ್ನೋ! ಇವರಿಗೆ ಹಳ್ಳ ಅಂದ್ರೆ ಕಸದ ತೊಟ್ಟಿ" ಎಂದು ಶುರು ಮಾಡಿದೆ. ಮಾತು ಮುಗಿದಿರಲಿಲ್ಲ, ರಾಶಿಯ ಹಿಂದಿನ ಬಿದಿರುಮೆಳೆ ಅಲುಗಿತು. ನಾನು ಬಂಡೆ ಎಂದುಕೊಂಡಿದ್ದದ್ದು ಕಿವಿ ಬೀಸಿತು.

ನನ್ನ ಬಾಯಿ ಒಣಗಿಹೋಯಿತು. ಅಕ್ಕನ ಕೈ ಹಿಡಿದು ಎಳೆದೆ, ಅವರು ಕದಲಲಿಲ್ಲ. "ಕಾಲು ಬರ್ತಿಲ್ಲ, ನೀ ಹೋಗು" ಎಂದರು. ಹೋಗುವುದೆಲ್ಲಿಗೆ? ಆನೆ ಎರಡು ಹೆಜ್ಜೆ ಮುಂದಿಟ್ಟು ಸೊಂಡಿಲೆತ್ತಿ ಕೂಗಿತು. ಆ ಕೂಗಿಗೆ ಅವರ ಕಾಲು ತಾನಾಗಿ ಎದ್ದಿತೋ, ನಾನೇ ಹೊತ್ತೆನೋ, ಇವತ್ತಿಗೂ ಗೊತ್ತಿಲ್ಲ. ಹಿಂದಿನ ಮೋರಿಯ ಸಿಮೆಂಟ್ ಪೈಪಿನೊಳಗೆ ಅವರನ್ನು ತಳ್ಳಿ ನಾನೂ ನುಗ್ಗಿದೆ. ಪೈಪಿನ ಬಾಯಿಗೆ ಒಂದು ಕಾಲು ಬಂದು ನಿಂತಿತು. ಬೆಳಕೇ ಹೋಯಿತು. ಅಕ್ಕ ನನ್ನ ಬೆನ್ನಿಗೆ ಮುಖ ಒತ್ತಿ ಅಲ್ಲಾಹುವನ್ನು ಕರೆಯುತ್ತಿದ್ದರು. ನನಗೆ ನನ್ನ ದೇವರ ಹೆಸರೂ ನೆನಪಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆ ಕಾಲು ಸರಿಯಿತು. ಆಮೇಲೆ ಹಲಸು ಒಡೆದು ತಿನ್ನುವ ಸದ್ದು. ಪೈಪಿನೊಳಗಿಂದಲೇ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಜೀಪಿನಲ್ಲಿ ನಾಲ್ಕು ಜನರನ್ನು ಹಾಕಿಕೊಂಡು ಬಂದು ಪಟಾಕಿ ಹೊಡೆಸಿದ. ಆನೆ ಕಾಡಿಗೆ ಸರಿದ ಮೇಲೆ ನಮ್ಮಿಬ್ಬರನ್ನು ಎಳೆದು ಹೊರಗೆ ಹಾಕಿದರು.

ರಸ್ತೆಯಂಚಿನಲ್ಲಿ ಅಕ್ಕನನ್ನು ಕೂರಿಸಿದೊಡನೆ ನನ್ನ ಬಾಯಿ ವಾಪಸು ಬಂತು. "ಆ ರಾಶಿ ಸುರಿದವ ಯಾರು ಅಂತ ಮೊದ್ಲು ಹುಡ್ಕಿ. ಅವನ ಮನೆ ಬಾಗಿಲಿಗೇ ಹೋಗ್ತೇನೆ."

ಜೀಪಿನಲ್ಲಿ ಬಂದವರು ಅಕ್ಕನ ಮಗನ ಮುಖ ನೋಡಿದರು.

"ನಾನೇ ಆಂಟಿ," ಎಂದ ಅವನು. "ನಮ್ಮ ಹಿತ್ತಲ ಮರದ್ದು. ಉಮ್ಮ ಕತ್ತಲಲ್ಲೇ ಎದ್ದು ಹಿತ್ತಲಿಗೆ ಹೋಗ್ತಾರಲ್ಲ, ಅಲ್ಲಿಗೆ ಆನೆ ಬಂದ್ರೆ ಎಂಥ ಗತಿ ಅಂತ ಪಿಕಪ್ಪಲ್ಲಿ ಇಲ್ಲಿಗೆ ತಂದು ಹಾಕ್ಸಿದ್ದೆ."

"ನಾವು ದಿನಾ ಇಲ್ಲೇ ನಡೀತೇವೆ ಅಂತ ಗೊತ್ತಿಲ್ವೇನೋ?"

"ಗೊತ್ತು. ಅದು ರಾತ್ರಿ ಬಂದು ತಿಂದು ಹೋಗ್ತದೆ, ನೀವು ಬರೋದು ಬೆಳಿಗ್ಗೆ ಅಲ್ವಾ ಅಂದ್ಕೊಂಡೆ."

ಇಡೀ ಪೇಟೆಯಲ್ಲಿ ತಾಯಿಯನ್ನು ಇಷ್ಟು ಹಚ್ಚಿಕೊಂಡ ಇನ್ನೊಬ್ಬ ಮಗನನ್ನು ನಾನು ಕಂಡಿಲ್ಲ. ಅವರ ಊಟ, ಮಾತ್ರೆ, ಚಪ್ಪಲಿಯ ಅಳತೆ ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಅವನೇ ಆನೆಯನ್ನು ತಾಯಿಯ ದಾರಿಗೆ ಕರೆದು ಕೂರಿಸಿದ್ದ.

ಮೋರಿಯ ಕೆಸರಿನಿಂದ ಅಕ್ಕನ ಕಾಲಿಗೆ ಜಿಗಣೆಯಂಥ ಉಂಬಳ ಹತ್ತಿ ರಕ್ತ ಇಳಿಯುತ್ತಿತ್ತು. ಮಗ ಮೊಣಕಾಲೂರಿ ಕೂತು, ಒಂದೊಂದೇ ಕಿತ್ತು ತೆಗೆಯಲು ಕೈ ಚಾಚಿದ. ಅಕ್ಕ ಎರಡೂ ಕಾಲನ್ನು ಬುರ್ಖಾದೊಳಗೆ ಎಳೆದುಕೊಂಡರು.

"ಮುಟ್ಬೇಡ," ಎಂದರು.