ಅಮೀರಮ್ಮನ ಅಂಗಡಿಯ ಡೇಟಾಬೇಸ್

ಶಿರಾ ಪೇಟೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಮೊದಲು ನೆನೆಯುವುದು ಗೌಡಗೆರೆಯ ರಂಗರಾಜುವನ್ನು. ಬಸ್ ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದಾನೆ, ಹಿಡಿದ ಕೆಲಸ ಬಿಡುವವನಲ್ಲ. ಆದರೆ ಆಸಾಮಿಗೆ ಒಂದು ಚಟ: ಯಾರಾದರೂ ತನ್ನನ್ನು ಕರೆಯುತ್ತಲೇ ಇರಬೇಕು. ಒಂದು ಬೆಳಿಗ್ಗೆ ಫೋನ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಹೆಂಡತಿ ಮಾಡಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಅವನನ್ನು ಎಲ್ಲರಿಗಿಂತ ಹೆಚ್ಚು ಕರೆಯುತ್ತಿದ್ದವರು ಟೈಲರಿಂಗ್ ಅಂಗಡಿಯ ಅಮೀರುನ್ನೀಸಾ, ಊರವರ ಬಾಯಲ್ಲಿ ಅಮೀರಮ್ಮ. ಗಿರಾಕಿಗಳ ಅಳತೆ ಇಟ್ಟುಕೊಳ್ಳಲು ರಂಗರಾಜುವೇ ಜಾವಾದಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಪ್ರೋಗ್ರಾಂ ಒಂದು ಕಡೆ, ಅಳತೆಗಳನ್ನು ಕಾಯುವ ಡೇಟಾಬೇಸ್ ಇನ್ನೊಂದು ಕಡೆ. ಎರಡನ್ನೂ ಬೇರೆ ಬೇರೆಯಾಗಿ ಎಬ್ಬಿಸಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರೋಗ್ರಾಂ ಏಳುತ್ತಿತ್ತು, ಡೇಟಾಬೇಸ್ ಮಲಗೇ ಇರುತ್ತಿತ್ತು.

“ರಂಗರಾಜು, ನಿನ್ ಕಂಪ್ಯೂಟ್ರು ಮತ್ತೆ ಮುನಿಸ್ಕೊಂಡೈತೆ, ಬಂದ್ಬುಡಪ್ಪ” ಎಂದು ಅಮೀರಮ್ಮ ಕರೆದರೆ ಗಾಡಿ ಹತ್ತಿ ಓಡುತ್ತಿದ್ದ. ಸರಿಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಹೊಲಿಯುವ ಹೆಣ್ಣುಮಕ್ಕಳು ಮಿಷನ್ ನಿಲ್ಲಿಸಿ ತನ್ನನ್ನೇ ನೋಡುವಾಗ ಅಷ್ಟು ಬೇಗ ಮುಗಿಸುವುದುಂಟೆ? ಹುಬ್ಬು ಗಂಟಿಕ್ಕಿಕೊಂಡು ಎಳೆದೂ ಎಳೆದೂ ಮಾಡುತ್ತಿದ್ದ.

ಹೀಗಿರುವಾಗ ಅಮೀರಮ್ಮನ ಮಗ ಅಯಾಜ್‌ಗೆ ಪಾವಗಡದಿಂದ ಹೆಣ್ಣು ತಂದರು. ಹೆಸರು ಉಮ್ಮೆ ಹಾನಿ, ಬಿಸಿಎ ಓದಿದವಳು. ಮದುವೆಯ ಮೆಹೆಂದಿ ಅಳಿಸುವ ಮೊದಲೇ ಕಂಪ್ಯೂಟರ್ ಮುಂದೆ ಕೂತಳು.

“ಡೇಟಾಬೇಸ್ನ ಪ್ರೋಗ್ರಾಂ ಒಳಗೇ ಕೂರಿಸ್ಬೋದಂತೆ ಕಣಪ್ಪ. ಅದು ಎದ್ರೆ ಇದೂ ಏಳ್ತದಂತೆ. ಇನ್ ಯಾರ್ನೂ ಕರೆಯಂಗೇ ಇಲ್ವಂತೆ” ಎಂದು ಅಮೀರಮ್ಮ ರಂಗರಾಜುವಿನ ಮುಂದೆಯೇ ಹಿಗ್ಗಿಕೊಂಡರು.

ಯಾರನ್ನೂ ಕರೆಯುವ ಹಾಗೇ ಇಲ್ಲ! ಅವನ ಹೊಟ್ಟೆಗೆ ಕೆಂಡ ಬಿತ್ತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಅವಳ ಓದು ಕಂಡರಾಗಲಿಲ್ಲ, ಕೀಲಿಮಣೆಯ ಮೇಲೆ ಅವಳ ಬೆರಳು ಓಡುವುದು ಕಂಡರಾಗಲಿಲ್ಲ. ಹೊಲಿಯುವ ಹುಡುಗಿಯರು ‘ಭಾಬಿ, ಭಾಬಿ’ ಎಂದು ಅವಳನ್ನು ಮುತ್ತಿಕೊಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ಇದೇನು ಅವನಿಗೆ ಬಾರದ ವಿದ್ಯೆಯೇ? ಎಂದೋ ಮಾಡಬಹುದಿತ್ತು. ಮಾಡಿದ್ದರೆ ಕರೆ ಬರುತ್ತಿರಲಿಲ್ಲವಲ್ಲ!

ಕೆಲಸ ಮುಗಿಸಿದ ಉಮ್ಮೆ ಹಾನಿ ಅವನನ್ನೇ ಕರೆಸಿದಳು. “ಅಣ್ಣ, ನೀವು ತಿಳಿದೋರು, ಒಂದ್ಸಲ ನೋಡ್ಬುಡಿ. ನಾಳೆ ಹಾಸ್ಟೆಲ್ ಮಕ್ಳು ಯೂನಿಫಾರಂ ಅಳತೆ ಕೊಡಕ್ಕೆ ಬರ್ತವ್ರೆ. ಹಳೇ ಗಿರಾಕಿಗಳ್ದು ಆಮೇಲೆ ಸೇರಿಸ್ತೀನಿ.”

ತಪ್ಪು ಹುಡುಕಲೆಂದೇ ಕೂತವನಿಗೆ ತಪ್ಪು ಸಿಗದಿರುತ್ತದೆಯೇ? ಡೇಟಾಬೇಸ್ ಎಲ್ಲಿರಬೇಕೆಂದು ಹೇಳುವ ಸಾಲಿನಲ್ಲಿ ಡಿಸ್ಕಿನ ಫೈಲ್ ಹೆಸರಿರಬೇಕಿತ್ತು. ಹುಡುಗಿ ಪರೀಕ್ಷೆ ಮಾಡಲೆಂದು ಬರೀ ಮೆಮೊರಿಯಲ್ಲಿ ಇರುವಂತೆ ಬರೆದು, ಬದಲಿಸಲು ಮರೆತಿದ್ದಳು. ಕಂಪ್ಯೂಟರ್ ಆರಿತೋ, ತುಂಬಿದ್ದೆಲ್ಲ ನೀರಲ್ಲಿ ಹೋಮ. ಆ ಒಂದು ಸಾಲು ತಿದ್ದಿದರೆ ಮುಗಿಯಿತು. ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಅಮೀರಮ್ಮ “ಹೆಂಗೆ ನಮ್ ಸೊಸೆ?” ಎಂದು ಬೀಗಿದರು. ರಂಗರಾಜು ಬಂದ ಮಾತನ್ನು ನುಂಗಿ ಕುರ್ಚಿ ಬಿಟ್ಟೆದ್ದ.

“ಚೆನ್ನಾಗೈತೆ ಕಣಮ್ಮ. ಏನೂ ತೊಂದ್ರೆ ಇಲ್ಲ.”

ಮಾರನೆಯ ದಿನ ಹಾಸ್ಟೆಲ್ಲಿನ ಮಕ್ಕಳು ವ್ಯಾನಿನಲ್ಲಿ ಬಂದರು. ಅಮೀರಮ್ಮ ಟೇಪು ಹಿಡಿದು ಕೂಗಿದ್ದನ್ನು ಸೊಸೆ ನೇರ ಕಂಪ್ಯೂಟರಿಗೇ ತುಂಬಿದಳು. ಮಕ್ಕಳು ಹೊರಟುಹೋದ ಮೇಲೆ ಕರೆಂಟ್ ಹೋಯಿತು, ಬಂತು. ತುಂಬಿದ ಅಳತೆ ಒಂದೂ ಉಳಿದಿರಲಿಲ್ಲ. ರಂಗರಾಜುವಿಗೆ ಫೋನ್ ಬಂತು. ಅವನು ತಲೆ ಬಾಚಿಕೊಂಡು ಹೊರಟ. ದಾರಿಯುದ್ದಕ್ಕೂ ಒಳಗೊಳಗೇ ಹಬ್ಬ.

ಅಂಗಡಿಯಲ್ಲಿ ಉಮ್ಮೆ ಹಾನಿಯ ಕಣ್ಣು ಕೆಂಪಾಗಿತ್ತು. ತಪ್ಪಿನ ಸಾಲನ್ನು ಅವಳೇ ಹುಡುಕಿಕೊಂಡಿದ್ದಳು. “ತಪ್ಪು ನಂದೇ ಅಮ್ಮೀ. ಮಕ್ಳನ್ನ ಮತ್ತೆ ಕರೆಸ್ಬೇಕು. ಅಣ್ಣನ್ನ ಏನೂ ಅನ್ಬೇಡಿ, ಅವ್ರಿಗೂ ಗೊತ್ತಾಗಿಲ್ಲ.”

“ನಾನ್ಯಾಕೆ ಅನ್ಲಿ? ಪಾಪ, ಇದು ಅವನ್ ಕಾಲದ್ದಲ್ಲ ಬುಡು” ಎಂದರು ಅಮೀರಮ್ಮ. “ಅವ್ನಿಗೆ ಹೆಂಗ್ ಗೊತ್ತಾಗ್ಬೇಕು?”

ಹೊಲಿಯುವ ಹುಡುಗಿಯರೆಲ್ಲ ಅವನತ್ತ ಕನಿಕರದಿಂದ ನೋಡಿದರು. ರಂಗರಾಜು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಗೊತ್ತಿರಲಿಲ್ಲ ಅಂದರೆ ದಡ್ಡ, ಗೊತ್ತಿತ್ತು ಅಂದರೆ ದ್ರೋಹಿ. ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದ. ಆದರೆ ಆ ‘ಪಾಪ’ ಎನ್ನುವ ಮಾತು, ಅದೂ ಆ ಸೊಸೆಯ ಎದುರಿಗೆ! ತಡೆದುಕೊಳ್ಳಲಾಗಲಿಲ್ಲ.

“ಯಾಕ್ ಗೊತ್ತಾಗಲ್ಲ? ನೆನ್ನೆ ನೋಡಿದ್ ಕೂಡ್ಲೇ ಗೊತ್ತಾಯ್ತು ನಂಗೆ!”

ಮಿಷನ್ನುಗಳೆಲ್ಲ ನಿಂತವು. ಉಮ್ಮೆ ಹಾನಿ ಕಂಪ್ಯೂಟರಿನ ಕಡೆ ತಿರುಗಿ ಕೂತಳು. ಅಮೀರಮ್ಮ ಅಳತೆಯ ಟೇಪನ್ನು ಬೆರಳಿಗೆ ಸುತ್ತತೊಡಗಿದರು.

“ಗೊತ್ತಿರ್ಲಿಲ್ಲ ಅಂದಿದ್ರೆ ನಾಳೆನೂ ಕರೀತಿದ್ನಲ್ಲೋ ರಂಗರಾಜು” ಎಂದರು.