ಹೊಟ್ಟೆಯ ಮೇಲಿನ ನೀಲಿ

ಅಟ್ಟೂರಿನ ಪೇಂಟ್ ಅಂಗಡಿಯಲ್ಲಿ ಹೆಂಡತಿ ನೂರಾರು ನೀಲಿಗಳ ಶೇಡ್ ಕಾರ್ಡನ್ನು ಮೂರು ಸಲ ತಿರುವಿಹಾಕಿ, ಕೊನೆಗೆ ನನ್ನ ಹೊಟ್ಟೆಯತ್ತ ಬೆರಳು ಮಾಡಿದಳು. "ಹಾಲ್‌ಗೆ ಈ ಶರ್ಟಿನ ನೀಲೀನೇ ಬೇಕು."

ಅಂಗಡಿಯ ಸಾಹೇಬರು ಬಣ್ಣ ಅಳೆಯುವ ಪುಟ್ಟ ಮಿಷನ್ ಹಿಡಿದು ಬಂದರು. "ಶರ್ಟ್ ಬಿಚ್ಚಿಕೊಡಿ ಸಾರ್."

ಒಳಗಿನ ಬನಿಯನ್ನಿನ ತೂತುಗಳು ನನಗೂ ಹೆಂಡತಿಗೂ ಮಾತ್ರ ಗೊತ್ತು. ಆಗಲ್ಲ ಎಂದೆ. ಅವರು ಮಿಷನ್ನನ್ನು ನನ್ನ ಹೊಟ್ಟೆಗೇ ಒತ್ತಿದರು. "ಉಸಿರು ಬಿಡ್ಬೇಡಿ ಸಾರ್, ಕಲರ್ ಅಲ್ಲಾಡುತ್ತೆ." ಮೊದಲ ಸಲ ಬೂದು ಬಂತು, ಎರಡನೇ ಸಲ ಹಸಿರು. ಮೂರನೇ ಸಲ ಅಂಗಡಿಯಲ್ಲಿದ್ದವರೆಲ್ಲ ನನ್ನ ಜೊತೆ ಉಸಿರು ಬಿಗಿಹಿಡಿದರು. ನೀಲಿ ಬಂತು; ಯಾರೋ ಚಪ್ಪಾಳೆ ತಟ್ಟಿದರು.

ಬಣ್ಣ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಹಬ್ಬದ ದಿನ ಅದೇ ಶರ್ಟು ಹಾಕಿಕೊಂಡು ಗೋಡೆಗೊರಗಿ ನಿಂತ ಫೋಟೋದಲ್ಲಿ ನನ್ನ ತಲೆ, ಎರಡು ಕೈ, ಪಂಚೆ ಮಾತ್ರ ಇವೆ.

"ಆ ಶರ್ಟು ಮನೇಲಿ ಹಾಕ್ಬೇಡಿ ಕಣ್ರೀ, ಎಲ್ಲಿದ್ದೀರಾ ಅಂತ್ಲೇ ಗೊತ್ತಾಗಲ್ಲ" ಎಂದಳು ಹೆಂಡತಿ.

ಆಗಲಿ ಎಂದೆ. ಆದರೆ ಯಲಹಂಕದ ಸೈಟುಗಳ ರೇಟು ಹೇಳಿ ತಲೆ ತಿನ್ನುವ ಅವಳ ಅಣ್ಣ ಬರುವ ಭಾನುವಾರಗಳಿಗೆಂದು, ಅದನ್ನು ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದೇನೆ.