ಅಕ್ಕನ ಮಷಿನ್ನೂ ಅರ್ಥವಾಗದ ಹಾಡೂ

ಅಕ್ಕನನ್ನು ಮನೆಯಲ್ಲಿ ಎಲ್ಲರೂ ಗಾಳಿಪಟ ಅನ್ನುತ್ತಿದ್ದರು. ಹಾಲು ಒಲೆಯ ಮೇಲಿಟ್ಟು ಕಿಟಕಿಯ ಹತ್ತಿರ ಹೋದಳೆಂದರೆ ಹಾಲಿನ ಕಥೆ ಮುಗಿಯಿತು. ಅಮ್ಮನ ಬೈಗುಳವನ್ನೂ ಅವಳು ಪೂರ್ತಿ ಕೇಳಿಸಿಕೊಂಡವಳಲ್ಲ. ಪಕ್ಕದ ಮನೆಯ ಜಗಳ, ಬೀದಿಯ ಸೈಕಲ್ ಗಂಟೆ, ನಲ್ಲಿಯಿಂದ ತೊಟ್ಟಿಕ್ಕುವ ನೀರು, ಎಲ್ಲವೂ ಅವಳ ಕಿವಿಗೆ ಒಂದೇ ಜೋರಿನಲ್ಲಿ ನುಗ್ಗುತ್ತಿದ್ದವು. ಹೀಗಾಗಿ ಯಾವ ಕೆಲಸದಲ್ಲೂ ಅವಳು ನಿಲ್ಲಲಿಲ್ಲ. ಕೊನೆಗೆ, ನಾನು ಕಾಜಾ ಗುಂಡಿ ಹೊಲಿಯುತ್ತಿದ್ದ ಟೈಲರ್ ಅಂಗಡಿಗೇ ಅವಳನ್ನು ಕರೆದುಕೊಂಡು ಹೋದೆ.

"ಅಲ್ಲೂ ಆಗ್ಲಿಲ್ಲ ಅಂದ್ರೆ ಮನೇಲೇ ಬಿದ್ದಿರು," ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು.

ಅಂಗಡಿಯ ಮಾಸ್ಟರು ಸಿಡುಕು ಮೋರೆಯವರು. ರೇಡಿಯೋದಲ್ಲಿ ನಮ್ಮ ಭಾಷೆಯ ಹಾಡು ಬಂದರೆ ಸಾಕು, ಅಕ್ಕನ ಕಾಲು ಪೆಡಲ್ ಮೇಲೆ ನಿಂತೇಬಿಡುತ್ತಿತ್ತು. ಹಾಡಿನ ಯಾವುದೋ ಒಂದು ಮಾತನ್ನು ಹಿಡಿದುಕೊಂಡು ಅವಳ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತಿತ್ತು. ರೇಡಿಯೋ ಆರಿಸಿದರೆ ಇನ್ನೂ ಕಷ್ಟ. ನೊಣ ಹಾರಿದರೂ ತಿರುಗಿ ನೋಡುವಳು. ಒಂದು ದಿನ ಮಾಸ್ಟರು ರೋಸಿಹೋಗಿ ರೇಡಿಯೋದ ತಿರುಪನ್ನು ತಿರುಗಿಸಿದರು. ಯಾವುದೋ ದೂರದೇಶದ ಸ್ಟೇಷನ್ನು ಸಿಕ್ಕಿತು. ಹೆಂಗಸೊಬ್ಬಳು ಹಾಡಿದಳು, ಗಂಡಸೊಬ್ಬ ಮಾತಾಡಿದ. ನಮಗೆ ತಲೆಬುಡ ತಿಳಿಯಲಿಲ್ಲ. ಅಕ್ಕನ ಮಷಿನ್ನು ಮಾತ್ರ ನಿಲ್ಲಲೇ ಇಲ್ಲ. ಸಂಜೆಯ ಹೊತ್ತಿಗೆ ಕೋಟಿನ ತೋಳುಗಳು ಒಂದು ಸುಕ್ಕಿಲ್ಲದೆ ಕೂತಿದ್ದವು.

"ಅದೇನೇ ಮಾಯೆ?" ಎಂದೆ.

"ಅವ್ರ ಮಾತೂ ಹಾಡಿನ ಥರಾನೇ ಕೇಳ್ಸತ್ತೆ ಕಣೇ. ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ. ಸುಮ್ನೆ ಜೊತೇಲಿ ಕೂತಿರತ್ತೆ."

ಅಂದಿನಿಂದ ಅಂಗಡಿಯಲ್ಲಿ ಅದೇ ಸ್ಟೇಷನ್ನು. ಆ ಸದ್ದು ಕೇಳಿ, ನಮ್ಮ ಊರಿಗೆ ಕೆಲಸಕ್ಕೆ ಬಂದಿದ್ದ ಆ ದೇಶದವರೂ ಗಿರಾಕಿಗಳಾಗಿ ಒಳಗೆ ಬರತೊಡಗಿದರು, ಬಟ್ಟೆ, ಬಣ್ಣ, ಬಾಗಿಲಾಚೆಯ ಮಳೆ ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತ ಮಾತಾಡಿದರು. ಇಸ್ತ್ರಿಯ ಬಿಸಿ ವಾಸನೆ, ಸೀಮೆಸುಣ್ಣದ ಪುಡಿ, ಅಕ್ಕನ ಮಷಿನ್ನಿನ ಓಟ. ಎಂಥ ಒಳ್ಳೆಯ ಕಾಲ ಅದು!

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅಕ್ಕ ಮಷಿನ್ ನಿಲ್ಲಿಸಿ ಅಳತೊಡಗಿದಳು.

"ನಾಳೆ ಮಳೆ ಬರತ್ತಂತೆ. ರೇಡಿಯೋದವನು ಅಂದ. ನಂಗೆ ಅರ್ಥ ಆಗೋಯ್ತು ಕಣೇ!"

ಬೇರೆಯವರಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಅವಳ ಅನ್ನಕ್ಕೇ ಕಲ್ಲು ಬಿದ್ದಿತ್ತು. ಆ ಹಾಡುಗಳೂ ಈಗ ಕೈಹಿಡಿದು ಎಳೆಯತೊಡಗಿದವು. ಅದೇ ವಾರ ಒಬ್ಬ ಗಿರಾಕಿಯ ಕೋಟಿಗೆ ಎರಡೂ ಕಡೆ ಎಡತೋಳನ್ನೇ ಕೂರಿಸಿದಳು.

ಮಾಸ್ಟರು ಕೋಟನ್ನು ಎತ್ತಿ ಹಿಡಿದು ನೋಡಿದರು. ರೇಡಿಯೋದ ಮುಳ್ಳನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸಿದರು. ಬೇರಾವ ಭಾಷೆಯೂ ಸಿಕ್ಕಲಿಲ್ಲ, ಬರೀ ಗೊರಗೊರ. ಆರಿಸಿಬಿಟ್ಟರು. ಅಕ್ಕ ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು. ಅಪ್ಪನ ಮಾತು ನನಗೂ ನೆನಪಾಯಿತು.

ಆಗ ಇಸ್ತ್ರಿ ಮೇಜಿನ ಕಡೆಯಿಂದ ಏನೋ ಸದ್ದು. ನಮಗೆ ಬೆನ್ನು ಹಾಕಿ ನಿಂತ ಮಾಸ್ಟರು ಮೂಗಿನಲ್ಲೇ ಗುನುಗುತ್ತಿದ್ದರು. ಶ್ರುತಿಯಿಲ್ಲ, ತಾಳವಿಲ್ಲ, ಕೇಳಿದರೆ ಕತ್ತೆಯೂ ನಾಚಬೇಕು. ಹುಟ್ಟಿದಾರಭ್ಯ ಅವರು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಏನು ನೋಡ್ತಿದೀಯ?" ಎಂದು ತಿರುಗದೆಯೇ ಗದರಿದರು. "ಇದರಲ್ಲಿ ಮಾತೂ ಇಲ್ಲ, ಅರ್ಥಾನೂ ಇಲ್ಲ. ಕೂತ್ಕೊಂಡು ತೋಳು ಬಿಚ್ಚು."

ಅಕ್ಕ ಕೂತಳು. ಅಂಗಡಿ ಮುಚ್ಚುವವರೆಗೂ ಮಾಸ್ಟರು ದಿನಾ ಗುನುಗಿದರು, ಗಿರಾಕಿಗಳ ಮುಂದೆಯೂ, ನಾಚಿಕೆ ಬಿಟ್ಟು.

ಅವರೀಗ ಇಲ್ಲ. ಮೊನ್ನೆ ಅಕ್ಕನ ಮೊಮ್ಮಗಳನ್ನು ನೋಡಿದ ಡಾಕ್ಟರು ಅದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ ಎಂದರು; ಅಜ್ಜಿಗೂ ಇದ್ದಿರಬೇಕು ಎಂದರು. ಅಕ್ಕ ತಲೆಯಾಡಿಸಿ ಮನೆಗೆ ಬಂದಳು. ಸಂಜೆ ಮೊಮ್ಮಗಳು ಪುಸ್ತಕ ತೆರೆದಾಗ ಪಕ್ಕದಲ್ಲಿ ಕೂತು ಗುನುಗತೊಡಗಿದಳು. ಅಕ್ಕನದು ಒಳ್ಳೆಯ ಕಂಠ. ಆದರೆ ಅವಳು ಗುನುಗಿದ್ದು ಮಾಸ್ಟರ ರಾಗವನ್ನೇ, ಅವರ ಅಪಸ್ವರದ ಸಮೇತ.